ಸರ್ವೇಯರನ ಬಾನೆಟ್

ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸುವ ನಮ್ಮ ದೊಡ್ಡಪ್ಪನಿಗೆ ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲೇ. ಅಂದು ಟೀಚರಮ್ಮನ ಜಖಂಗೊಂಡ ಕಾರಿನ ನಷ್ಟ ಅಂದಾಜು ಮಾಡಲು ವಿಮಾ ಕಂಪನಿಯ ಸರ್ವೇಯರ್ ಬಂದ.

“ಒರಿಜಿನಲ್ ಬಾನೆಟ್ ಯಾಕ್ರೀ? ಲೋಕಲ್ ಸಾಕು. ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.”

ದೊಡ್ಡಪ್ಪ ಸ್ಪ್ಯಾನರ್ ಹಿಡಿದು ನೇರ ಹೊರಗೆ ಹೋದ. ಸರ್ವೇಯರನ ಸ್ವಂತ ಕಾರೂ ಅದೇ ಮಾದರಿಯದು. ಅದರ ಬಾನೆಟ್ ಮೇಲೆ ಕೈಯಿಟ್ಟ.

“ಏನ್ರೀ ಮಾಡ್ತಿದ್ದೀರಿ?”

“ವ್ಯತ್ಯಾಸ ಇಲ್ಲ ಅಂದ್ರಲ್ಲ ಸಾರ್! ನಿಮ್ಮ ಬಾನೆಟ್ ಟೀಚರಮ್ಮನ ಕಾರಿಗೆ ಹಾಕ್ತೀನಿ, ಆ ಲೋಕಲ್ ನಿಮಗಿರಲಿ.”

“ಅಯ್ಯೋ, ನನ್ನ ಗಾಡಿ ಮುಟ್ಟಬೇಡ್ರೀ!”

ಅಂದವನೇ ನಾಲಿಗೆ ಕಚ್ಚಿಕೊಂಡ. ಪಕ್ಕದಲ್ಲೇ ನಿಂತಿದ್ದ ಟೀಚರಮ್ಮ ಕಿಸಕ್ಕನೆ ನಕ್ಕರು.

ದೊಡ್ಡಪ್ಪ ಕ್ಲೇಮಿನ ಕಾಗದವನ್ನು ಅದೇ ಬಾನೆಟ್ ಮೇಲೆ ಹರಡಿದ. “ಒರಿಜಿನಲ್ ಅಂತ ಬರೀರಿ ಸಾರ್. ಸ್ಪ್ಯಾನರ್ ಆಮೇಲೆ ಕೆಳಗಿಡ್ತೀನಿ.”