ಗಾಡಿ ನಿಲ್ಲಿಸಲು ಒಂದಿಷ್ಟು ಜಾಗ

ಸ್ವಯಂ ನಿವೃತ್ತಿ ತೆಗೆದುಕೊಂಡಾಗ ನನಗೆ ಐವತ್ತನಾಲ್ಕು. ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೆ. ಮದುವೆಯಾಗಿರಲಿಲ್ಲ. ಲೋಧಿ ಕಾಲೋನಿಯ ಕ್ವಾರ್ಟರ್ಸ್ ಖಾಲಿ ಮಾಡಿ ರೋಹಿಣಿ ಬಡಾವಣೆಯಲ್ಲಿ ಅಣ್ಣನ ಮನೆಯ ಮೇಲಿನ ಕೋಣೆಗೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ ಒಂದು ಹಳೆಯ ಪಿಕಪ್ ಗಾಡಿ ಕೊಂಡದ್ದು. ಅದರ ಹಿಂಭಾಗಕ್ಕೆ ತಗಡಿನ ಪುಟ್ಟ ಕೋಣೆ ಕಟ್ಟಿಸಿದೆ. ಒಳಗೆ ಒಬ್ಬರು ಮಲಗುವಷ್ಟು ಹಲಗೆ, ಗ್ಯಾಸ್ ಒಲೆ, ನೀರಿನ ಕ್ಯಾನು, ಕಿಟಕಿಗೆ ಅಮ್ಮನ ಹಳೆಯ ಸೀರೆಯ ಪರದೆ. ಅದರಲ್ಲೇ ಉಣ್ಣುತ್ತ, ಅದರಲ್ಲೇ ಮಲಗುತ್ತ ಒಬ್ಬಳೇ ಕೊಡಗಿನವರೆಗೆ ಹೋಗಬೇಕೆಂಬುದು ನನ್ನ ಆಸೆ.

ಸೈನ್ಯದಿಂದ ನಿವೃತ್ತನಾಗಿದ್ದ ಅಣ್ಣ ಬೇಡ ಅನ್ನಲಿಲ್ಲ. "ಓಡಿಸೋದು ಕಷ್ಟ ಅಲ್ಲ, ನಿಲ್ಲಿಸೋದು ಕಷ್ಟ" ಎಂದಷ್ಟೇ ಹೇಳಿದ. ಅವನ ಮಗಳು ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಫರೀದಾಬಾದಿನ ಆಚೆ, ಅರಾವಳಿಯ ತಪ್ಪಲಿನಲ್ಲಿದ್ದ ಒಂದು ಕ್ಯಾಂಪಿಂಗ್ ಜಾಗವನ್ನು ಫೋನಿನಲ್ಲಿ ಹುಡುಕಿ ತೋರಿಸಿದಳು. "ಅತ್ತೆ, ಯೇ ವಾಲಾ ದೇಖೋ ನಾ. ಸಸ್ತಾ ಭೀ ಹೈ" ಎಂದಳು. ಅಗ್ಗವೂ ಹೌದಂತೆ.

ಫೆಬ್ರವರಿಯ ಒಂದು ಶನಿವಾರ, ಸಂಜೆ ನಾಲ್ಕರ ಹೊತ್ತಿಗೆ ಅಲ್ಲಿ ತಲುಪಿದೆ. ಗುಡ್ಡದ ಬುಡದಲ್ಲಿ ಸಾಲಾಗಿ ಹಸಿರು ಟೆಂಟುಗಳು, ನಡುವೆ ಆಳೆತ್ತರದ ಸ್ಪೀಕರುಗಳು. ಕೋಟು ತೊಟ್ಟ ಮ್ಯಾನೇಜರ್ ನನ್ನ ಬೆನ್ನ ಹಿಂದೆ ಇಣುಕಿ ನೋಡಿದ.

"ಉಳಿದವರು ಎಲ್ಲಿ ಮ್ಯಾಡಮ್?"

"ನಾನೊಬ್ಬಳೇ. ಟೆಂಟ್ ಬೇಡ. ಗಾಡಿಯಲ್ಲೇ ಹಾಸಿಗೆ ಇದೆ. ನಿಲ್ಲಿಸೋಕೆ ಜಾಗ ಕೊಟ್ಟರೆ ಸಾಕು, ಅದಕ್ಕೆ ಎಷ್ಟು ಹೇಳಿ."

ಬರೀ ಜಾಗಕ್ಕೆ ಇಲ್ಲಿ ರೇಟೇ ಇಲ್ಲ ಎಂದ. ಊಟ, ಬೆಂಕಿ, ಹಾಡು ಎಲ್ಲ ಸೇರಿದ ಪ್ಯಾಕೇಜ್ ತೆಗೆದುಕೊಳ್ಳಬೇಕು, ಅದೂ ಇಬ್ಬರ ಲೆಕ್ಕದಲ್ಲಿ. ಅವನು ಹೇಳಿದ ಮೊತ್ತಕ್ಕೆ ನನ್ನ ಒಂದು ವಾರದ ಡೀಸೆಲ್ ಬರುತ್ತಿತ್ತು. ಅಷ್ಟು ಕೊಡುತ್ತೇನೆಂದರೂ ಆಗದು ಎಂದು ಆಮೇಲೆ ತಿಳಿಯಿತು. ಒಬ್ಬಂಟಿ ಹೆಂಗಸರನ್ನು ಅವರು ಇರಿಸಿಕೊಳ್ಳುತ್ತಿರಲಿಲ್ಲ. "ನಿಮ್ಮ ಸೇಫ್ಟಿಗೇ ಮ್ಯಾಡಮ್" ಎಂದು ಗೇಟು ಹಾಕಿಕೊಂಡ.

ದಾರಿಯಲ್ಲಿ ಸಿಕ್ಕ ಧರ್ಮಶಾಲೆಯವರು ಒಪ್ಪಿದರು. ಆದರೆ ಅವರ ಕಮಾನಿನೊಳಗೆ ನನ್ನ ತಗಡಿನ ಕೋಣೆ, ಎತ್ತರ ಒಂದು ಗೇಣಿನಷ್ಟು ಹೆಚ್ಚಾಗಿ, ಹಿಡಿಸಲಿಲ್ಲ. ಗಾಡಿಯನ್ನು ಹೊರಗೆ ರಸ್ತೆಯಲ್ಲಿ ಬಿಡಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಬಿಸಿಲು ಹಳದಿಯಾಗಿತ್ತು. ಹೆದ್ದಾರಿಯ ಪೆಟ್ರೋಲ್ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿ, ಅದೇ ಧೈರ್ಯದ ಮೇಲೆ ರಾತ್ರಿ ಗಾಡಿ ನಿಲ್ಲಿಸಲು ಅಲ್ಲಿಯ ಮ್ಯಾನೇಜರನ್ನು ಕೇಳಿದೆ. ನೆರೆತ ಗಡ್ಡದ, ಮರ್ಯಾದಸ್ಥ ಮನುಷ್ಯ.

"ಬೆಹೆನ್‌ಜಿ, ಜಾಗ ಬೇಕಾದಷ್ಟಿದೆ. ಏನಾದರೂ ಆದರೆ ನನ್ನನ್ನ ಕೇಳ್ತಾರೆ."

"ಏನೂ ಆಗಲ್ಲ ಭಾಯಿಸಾಹೇಬ್."

"ಅದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ವಾಪಸು ಬಂದು ಸ್ಟಿಯರಿಂಗಿನ ಮುಂದೆ ಕೂತೆ. ಹಿಂದೆ ಮನೆಯಿತ್ತು, ಅಕ್ಕಿ ಬೇಳೆ ಇತ್ತು, ಟ್ಯಾಂಕ್ ತುಂಬ ಡೀಸೆಲ್ ಇತ್ತು. ಎತ್ತ ಹೋಗಬೇಕೆಂದು ಮಾತ್ರ ತೋಚಲಿಲ್ಲ. ಅಣ್ಣನಿಗೆ ಫೋನ್ ಮಾಡಲು ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ಕಚೇರಿಯಲ್ಲಿ ಎಷ್ಟೋ ಜನರ ಅರ್ಜಿಗಳನ್ನು ನಿಯಮ ತೋರಿಸಿ ಹಿಂದಕ್ಕೆ ಕಳಿಸಿದ್ದೆ. ಹಾಗೆ ಹಿಂದಕ್ಕೆ ಹೋದವರು ಹೊರಗೆ ಬಂದು ಏನು ಮಾಡುತ್ತಿದ್ದರೆಂದು ಯಾವತ್ತೂ ಯೋಚಿಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಆ ಮ್ಯಾನೇಜರೇ ಬಂದು ಕಿಟಕಿ ತಟ್ಟಿದರು. "ಮುಂದೆ ದೊಡ್ಡ ಆಸ್ಪತ್ರೆ ಇದೆ. ಪಾರ್ಕಿಂಗಿನಲ್ಲಿ ರೋಗಿಗಳ ಕಡೆಯವರು ಗಾಡಿಯಲ್ಲೇ ಮಲಗ್ತಾರೆ. ಲೈಟು, ಗಾರ್ಡು, ಬಾತ್‌ರೂಮು ಎಲ್ಲ ಇದೆ. ಅಲ್ಲಿ ಯಾರೂ ಏನೂ ಕೇಳಲ್ಲ."

ನಿಜವಾಗಿಯೂ ಯಾರೂ ಕೇಳಲಿಲ್ಲ. ಇಡೀ ದಿನಕ್ಕೆ ಒಂದೇ ಚೀಟಿ, ಎರಡು ಕಪ್ ಚಹಾದ ದುಡ್ಡು. ಕಾರುಗಳ ಬಾಗಿಲ ಮೇಲೆ ಟವೆಲ್ಲುಗಳು ಒಣಗುತ್ತಿದ್ದವು. "ದೀದಿ, ಗೋಡೆ ಪಕ್ಕ ಹಾಕಿ, ಬೆಳಿಗ್ಗೆ ಬಿಸಿಲು ಬೀಳಲ್ಲ" ಎಂದು ಗಾರ್ಡ್ ಮುತುವರ್ಜಿಯಿಂದ ಗಾಡಿ ನಿಲ್ಲಿಸಿಕೊಟ್ಟ. ಆ ದಿನ ನನಗೆ ಸಿಕ್ಕ ಮೊದಲ ಉಪಚಾರ ಅದು.

ಪಕ್ಕದ ವ್ಯಾನಿನಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸಿದ್ದಳು. ಪಲ್ವಲ್ ಕಡೆಯವಳು.

"ನಿಮ್ಮ ಪೇಶಂಟ್ ಎಲ್ಲಿ?" ಎಂದಳು.

"ಮೂರನೇ ಮಹಡಿ." ಬಾಯಿ ತಾನಾಗಿ ಹೇಳಿತು.

"ಯಾರು?"

"ಅಣ್ಣ."

"ನಮ್ಮವರು ಎರಡನೇದು, ಐಸಿಯು. ಹನ್ನೊಂದು ದಿನ ಆಯ್ತು" ಎಂದು ಎರಡು ರೊಟ್ಟಿಯ ಮೇಲೆ ಉಪ್ಪಿನಕಾಯಿ ಇಟ್ಟು ಕೊಟ್ಟಳು. ಬೇಡ ಅನ್ನಲಾಗಲಿಲ್ಲ. ಎರಡನ್ನೂ ತಿಂದೆ.

ಬೆಳಿಗ್ಗೆ ಬೇಗ ಹೊರಟುಬಿಡೋಣವೆಂದುಕೊಂಡಿದ್ದೆ. ನಾನು ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದವಳಂತೆ ಅವಳು ರಿಪೋರ್ಟುಗಳ ಚೀಲ ತಂದು ನನ್ನ ಕೈಗಿತ್ತಳು. "ಮೇಲೆ ಬಿಡ್ತಿದಾರೆ, ನೋಡಿ ಬರ್ತೀನಿ. ಇದನ್ನ ಸ್ವಲ್ಪ ನೋಡ್ಕೊಳ್ಳಿ." ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುವಾಗ ಅಣ್ಣನ ಫೋನ್ ಬಂತು.

"ಎಲ್ಲಿದೀಯ?"

"ದಾರಿಯಲ್ಲಿ. ನೀನು ಹೇಗಿದೀಯ?"

"ನನಗೇನಾಗಿದೆ?"

"ಆದರೂ, ಹುಷಾರಾಗಿದೀಯ ತಾನೇ?"

ಅವನು ನಕ್ಕ.

ಅವಳು ಬಂದಾಗ ಹನ್ನೊಂದು ದಾಟಿತ್ತು. "ಕಣ್ಣು ಬಿಟ್ಟರು. ನನ್ನ ಗುರುತು ಸಿಗಲಿಲ್ಲ" ಎಂದು ಅಲ್ಲೇ ನೆಲದ ಮೇಲೆ ಕೂತಳು. ಪಕ್ಕದಲ್ಲಿ ಕೂತೆ. ನಿಜ ಹೇಳಬೇಕೆಂದು ಮೂರು ನಾಲ್ಕು ಸಲ ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕಣ್ಣೊರೆಸಿಕೊಂಡು, "ನಿಮ್ಮ ಅಣ್ಣ?" ಎಂದಳು.

"ಡಿಸ್ಚಾರ್ಜ್ ಮಾಡ್ತಾರಂತೆ" ಎಂದೆ. ಅಲ್ಲಿಂದ ಹೊರಡಲು ನನಗೆ ಬೇರೆ ದಾರಿ ಕಾಣಲಿಲ್ಲ.

ಅವಳ ಮುಖ ಅರಳಿತು. ನನ್ನೆರಡೂ ಕೈ ಹಿಡಿದುಕೊಂಡು, "ಅಚ್ಛಾ ಹುವಾ, ಒಬ್ಬರಾದರೂ ಮನೆಗೆ ಹೋಗ್ತಿದಾರಲ್ಲ" ಎಂದಳು. ನಾನು ಗಾಡಿ ಹಿಂದೆ ತೆಗೆಯುವಾಗ ತಾನೇ ನಿಂತು ಬರುವ ಕಾರುಗಳನ್ನು ತಡೆದಳು.

ಗ್ವಾಲಿಯರ್‌ವರೆಗೆ ಹೋದೆ. ಹೋಟೆಲಿಗೆ ದಿನವೂ ಕೊಡುವಷ್ಟು ನನ್ನಲ್ಲಿರಲಿಲ್ಲ. ಬೇರೆ ಜಾಗ ಹುಡುಕಿದೆ, ಸಿಗಲಿಲ್ಲ. ಇನ್ನೆರಡು ಊರುಗಳಲ್ಲಿ ಆಸ್ಪತ್ರೆಯ ಪಾರ್ಕಿಂಗಿನಲ್ಲೇ ಮಲಗಿದೆ, ಅದೇ ಪ್ರಶ್ನೆಗೆ ಅದೇ ಉತ್ತರ ಕೊಟ್ಟೆ. ಗ್ವಾಲಿಯರಿನಲ್ಲಿ ಒಬ್ಬ ಲಾರಿ ಚಾಲಕ, ನನ್ನ ಜೊತೆ ಯಾರೂ ಇಲ್ಲವೆಂದು ತಿಳಿದು, "ರಕ್ತ ಬೇಕಾದರೆ ಹೇಳಿ ದೀದಿ, ನಿಮ್ಮ ಅಣ್ಣಂದು ಯಾವ ಗ್ರೂಪು?" ಎಂದು ಕೇಳಿದ. ಈಗ ಬೇಕಾಗಿಲ್ಲ ಎಂದೆ. ಸಂಕೋಚ ಬೇಡ ಎಂದು ತನ್ನ ನಂಬರನ್ನು ಬೀಡಿಯ ಕಟ್ಟಿನ ಕಾಗದದ ಮೇಲೆ ಬರೆದುಕೊಟ್ಟು ಹೋದ.

ಇನ್ನೊಂದು ಊರಿನಲ್ಲಿ ಅದೇ ಉತ್ತರ ಕೊಡಲು ಮನಸ್ಸಾಗದೆ, ಮರುದಿನ ಬೆಳಿಗ್ಗೆ ಗಾಡಿಯನ್ನು ದೆಹಲಿಯ ಕಡೆಗೆ ತಿರುಗಿಸಿದೆ.