ನಾಲು ಕಾಣದ ತಟ್ಟು

ಕುದುರೆಗೆ ದಾಣಿ ಬೇಯಿಸುವುದೂ ಒಂದು ಕಸುಬೇ ಎಂದು ಮೂಗು ಮುರಿಯುವವರು ಮುರಿಯಲಿ. ವಿಜಾಪುರದ ಸ್ಟೇಶನ್ನಿನ ಮುಂದೆ, ಟಾಂಗಾ ಅಡ್ಡೆಯ ಮಗ್ಗುಲಿಗಿದ್ದ ತಗಡಿನ ಛಪ್ಪರದಲ್ಲಿ ರಾಚವ್ವ ಹದಿನೈದು ವರ್ಷ ಅದನ್ನೇ ಮಾಡಿದಳು. ಬೆಳಗಿನ ರೈಲು ಬರುವುದರೊಳಗೆ ಅವಳ ತಾಮ್ರದ ಹಂಡೆಯಲ್ಲಿ ಹುರಳಿ ಬೆಂದು ಮೆತ್ತಗಾಗಿರುತ್ತಿತ್ತು. ಟಾಂಗಾದವರು ಒಬ್ಬೊಬ್ಬರಾಗಿ ಬಂದು, ಕುದುರೆಯ ಬಾಯಿಗೆ ಕಟ್ಟುವ ಚೀಲ ಒಡ್ಡುತ್ತಿದ್ದರು. ಅವಳು ದೊಡ್ಡ ಸೌಟಿನಿಂದ ದಾಣಿ ತುಂಬಿ, ಮೇಲೊಂದು ಮಸಾಲೆ ಉಂಡೆ ಇಡುತ್ತಿದ್ದಳು. ಅಜವಾನ, ಅರಿಷಿಣ, ಬಳ್ಳೊಳ್ಳಿ, ಉಪ್ಪು, ಬೆಲ್ಲ ಕುಟ್ಟಿ ಕಟ್ಟಿದ ಉಂಡೆ ಅದು. ಹೊಟ್ಟೆ ಉಬ್ಬರಿಸಿದ ಕುದುರೆಗೆ ಒಂದು ಉಂಡೆ ಹೆಚ್ಚು, ಬೆದರುವ ಕುದುರೆಗೆ ಬೆಲ್ಲ ಕಡಿಮೆ. ಯಾವ ಕುದುರೆಯ ಲದ್ದಿ ಇವತ್ತು ಹೇಗಿತ್ತು ಎಂಬುದು ಅವಳಿಗೆ ಗೊತ್ತಿದ್ದಷ್ಟು ಅದರ ಒಡೆಯನಿಗೂ ಗೊತ್ತಿರುತ್ತಿರಲಿಲ್ಲ.

ಅವಳ ತವರು ತಿಕೋಟಾ. ಕುರಿ ಕಾಯುವವರ ಮನೆ. ಕೊಟ್ಟದ್ದೂ ಕುರಿ ಕಾಯುವವರ ಮನೆಗೇ. ಗಂಡ ಮಲಕಾಜಪ್ಪ ವರ್ಷದಲ್ಲಿ ಎಂಟು ತಿಂಗಳು ಹಿಂಡಿನ ಹಿಂದೆ ಇರುತ್ತಿದ್ದ. ಒಂದು ವರ್ಷ ಹಾಗೆ ಹೋದವನು ದಾರಿಯಲ್ಲಿ ವಾಂತಿಭೇದಿಯಾಗಿ ಸತ್ತ. ಹಿಂಡು ಭಾವಂದಿರ ಪಾಲಾಯಿತು. ಮಕ್ಕಳಿಲ್ಲದ ರಾಚವ್ವನ ಪಾಲಿಗೆ ಬಂದದ್ದು ಗುಡಾರ ಹೊರುತ್ತಿದ್ದ ತಟ್ಟಿನ, ಅಂದರೆ ಗಿಡ್ಡ ಜಾತಿಯ ಕುದುರೆಯ, ಹೆಣ್ಣುಮರಿ. ಬೂದಿ ಬಣ್ಣದ ಮರಿ, ಹೆಸರೂ ಬೂದಿ. ಆ ಮರಿಯ ಹಗ್ಗ ಹಿಡಿದುಕೊಂಡು ಅವಳು ವಿಜಾಪುರಕ್ಕೆ ಬಂದಳು. ಯಾರ ಮುಂದೆಯೂ ಕೈ ಚಾಚಲಿಲ್ಲ. ಬೂದಿ ಬಲಿತ ಮೇಲೆ ಅದರ ಬೆನ್ನಿಗೆ ಹುಲ್ಲು ಹೇರಿ ತಂದು ಮಾರಿದಳು, ಆಮೇಲೆ ಹಂಡೆ ಇಟ್ಟಳು. ಅವಳಿಗೆ ಮನೆ ಎಂದರೆ ಆ ಛಪ್ಪರ, ಮನೆಯವರು ಎಂದರೆ ಬೂದಿ. ಮಾನ ಎಂದರೆ ಆ ಹಂಡೆ.

ಛಪ್ಪರದ ಎದುರಿಗೆ ಬೇವಿನ ಗಿಡದ ಕೆಳಗೆ ಅಲ್ಲಾಉದ್ದೀನ ಕೂಡುತ್ತಿದ್ದ. ಕುದುರೆಗಳ ಗೊರಸಿಗೆ ನಾಲು ಬಡಿಯುವ ನಾಲಬಂದ. ವಯಸ್ಸಿನಲ್ಲಿ ಅವಳಿಗಿಂತ ಬಹಳ ಸಣ್ಣವನು, ಮಾತು ಕಡಿಮೆ. ಊರ ಕುದುರೆಗಳಿಗೆಲ್ಲ ನಾಲು ಬಡಿದವನಿಗೆ ಬೂದಿಗೆ ಬಡಿಯಲಿಲ್ಲವಲ್ಲ ಎಂಬ ಒಂದೇ ಕೊರಗು.

"ಯಕ್ಕಾ, ಪುಕ್ಕಟ ಬಡೀತೀನಿ. ಡಾಂಬರ ರಸ್ತೆದಾಗ ಅದರ ಗೊರಸು ಸವದು ಹೋಗತಾವ."

"ನಮ್ಮ ತಟ್ಟಿಗೆ ಯಾಕೋ ತಮ್ಮಾ ಕಬ್ಬಣದ ಚಪ್ಪಲಿ? ಮಣ್ಣಾಗ ನಡಿಯೂದು ಅದು. ನಾನರ ಏನ ಹಾಕೊಂಡೇನಿ ಕಾಲಾಗ?"

ಅವನು ನಕ್ಕು, ನಾಲು ಬೇಡವಾದರೆ ಬೇಡ ಎಂದು, ತಿಂಗಳಿಗೊಮ್ಮೆ ಬೂದಿಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಹೆರೆದು ಸಮ ಮಾಡಿ ಕೊಡುತ್ತಿದ್ದ. ಬೂದಿ ಅವನ ಬೆನ್ನಿಗೆ ಮೂತಿ ಆನಿಸಿ ಕಣ್ಣು ಮುಚ್ಚುತ್ತಿತ್ತು.

ಯುದ್ಧ ಬಂತು. ಎಲ್ಲೋ ಹೊತ್ತಿದ ಬೆಂಕಿಯ ಹೊಗೆ ವಿಜಾಪುರದ ಹಂಡೆಗೂ ಬಡಿಯಿತು. ನಲವತ್ಮೂರನೆಯ ಇಸವಿಯಲ್ಲಿ ಹುರಳಿ ಸಂತೆಯಿಂದಲೇ ಮಾಯವಾಯಿತು. ಪೆಟ್ರೋಲಿಲ್ಲದೆ ಮೋಟಾರುಗಳು ನಿಂತು ಟಾಂಗಾಗಳಿಗೆ ಮೈತುಂಬ ಕೆಲಸ. ಕುದುರೆಗಳಿಗೆ ಮಾತ್ರ ಅರೆಹೊಟ್ಟೆ. ಆಗ ಕನಮಡಿಯಿಂದ ಕಾಳು ತರುತ್ತಿದ್ದ ಬಸಗೊಂಡಪ್ಪ ಅವಳ ಮುಂದೆ ಒಂದು ಚೀಲ ಬಿಚ್ಚಿದ. ಮಣ್ಣಿನ ಬಣ್ಣದ, ಮೂಲೆ ಮೂಲೆಯಾದ ಕಾಳು.

"ಹುರಳಿ ಎಲ್ಲಿಂದ ತರ್ಲಿಬೇ ರಾಚವ್ವಾ? ಎಲ್ಲಾ ದಂಡಿಗೆ ಹೋಗೇತಿ. ಇದು ಲಾಖ. ಗಡಿ ಆಚೀಕಡೆ ಬಡವರು ಉಣ್ಣತಾರ, ಎತ್ತಿಗೂ ಹಾಕತಾರ. ನನ್ನ ಎತ್ತು ನೋಡೀಯಲ್ಲ, ಹ್ಯಾಂಗ ಮಿಂಚತಾವ."

ಅವನ ಎತ್ತುಗಳು ನಿಜಕ್ಕೂ ಮಿಂಚುತ್ತಿದ್ದವು. ಎತ್ತು ಅರಗಿಸಿಕೊಂಡದ್ದನ್ನು ಕುದುರೆ ಯಾಕೆ ಅರಗಿಸಿಕೊಳ್ಳಬಾರದು? ಮೇಯುವ ಪ್ರಾಣಿಗೆಲ್ಲ ಒಂದೇ ಹೊಟ್ಟೆ ಎಂದು ತಿಳಿದಿದ್ದ ಕುರಿ ಹಟ್ಟಿಯ ಲೆಕ್ಕ ಅದು. ಅವಳು ಮೊದಲು ಒಂದು ಬೊಗಸೆ ಬೆರೆಸಿದಳು. ವಾರಕ್ಕೆ ಎರಡು ಬೊಗಸೆಯಾಯಿತು. ಹುರಳಿ ಕಡಿಮೆಯಾದಷ್ಟೂ ಲಾಖ ಹೆಚ್ಚಿ, ತಿಂಗಳೊಪ್ಪತ್ತಿನಲ್ಲಿ ಹಂಡೆಯ ಮುಕ್ಕಾಲು ಪಾಲು ಅದೇ ಆಯಿತು. ಅರಿಷಿಣದ ಬಣ್ಣದಲ್ಲಿ ಯಾವ ಕಾಳು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಬೇಯಿಸಿದ ನೀರನ್ನೂ ಅವಳು ಚೆಲ್ಲುತ್ತಿರಲಿಲ್ಲ. ಹಂಡೆಯ ತಳದ ಗಸಿ, ತೊಳೆದ ನೀರು ಎಲ್ಲ ಬೂದಿಯ ಪಾಲು.

ಮೊದಮೊದಲು ಕುದುರೆಗಳು ಮೈತುಂಬಿಕೊಂಡವು. ರೋಮಕ್ಕೆ ಎಣ್ಣೆ ಹಚ್ಚಿದ ಹೊಳಪು ಬಂತು. ಅಡ್ಡೆಗೆ ಹಿರಿಯನಾಗಿದ್ದ ದಶರಥ ತನ್ನ ಕುದುರೆ ಹೀರಾನ ಕತ್ತು ಸವರುತ್ತ ಎಲ್ಲರೆದುರಿಗೆ ಕೇಳಿದ:

"ಏನ ಹಾಕಾಕತ್ತೀಬೇ ಯವ್ವಾ? ನನ್ನ ಹೀರಾ ಮದಿಮಗನಂಗ ಆಗ್ಯಾನ."

ಅಲ್ಲೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಬಡವರು ಹೊಟ್ಟೆಗಿಲ್ಲದೆ ತಿನ್ನುವ ಕಾಳನ್ನು ಬೆರೆಸುತ್ತಿದ್ದೇನೆ ಎಂದು ಹೇಗೆ ಹೇಳುವುದು? ಮೇಲಾಗಿ ಹೊಗಳಿಕೆ ಯಾರಿಗೆ ಬೇಡ? ಗಂಡ ಸತ್ತ ಮೇಲೆ ಅವಳನ್ನು ಯಾರೂ ಅಷ್ಟು ಬಾಯಿತುಂಬ ಹೊಗಳಿರಲಿಲ್ಲ.

"ಏನ ಹಾಕತೀನಪಾ? ಅದ ಹುರಳಿ, ಅದ ಮಸಾಲಿ. ನನ್ನ ಕೈಗುಣ ಅನ್ನು," ಎಂದಳು.

ಕೈಗುಣ ಎಂಬ ಮಾತು ಅಡ್ಡೆಯಲ್ಲೆಲ್ಲ ಹಬ್ಬಿತು. ಅವಳೂ ಅದನ್ನು ಅರ್ಧಂಬರ್ಧ ನಂಬಿದಳು.

ಮೂರನೆಯ ತಿಂಗಳಿಗೆ ಹೀರಾ ಕೆಟ್ಟಿತು. ಸಾವಿರ ಸಲ ಕೇಳಿದ್ದ ರೈಲಿನ ಸೀಟಿಗೆ ಅವತ್ತು ಅದು ಮುಂಗಾಲೆತ್ತಿ ಎದ್ದು ನಿಂತು ಟಾಂಗಾ ಮಗುಚಿತು. ಆಮೇಲೆ ಅದರ ಹಿಂಗಾಲು ಒಂದಕ್ಕೊಂದು ತೊಡಕತೊಡಗಿದವು. ನಿಂತಲ್ಲೇ ಸೊಂಟ ಓಲಾಡುತ್ತಿತ್ತು. ಏರು ಹತ್ತುವಾಗ ಗಂಟಲಿನಿಂದ ಹರಿದ ತಿದಿಯಂಥ ಗೊರಗೊರ ಸದ್ದು. ಎಳೆದ ಉಸಿರು ಒಳಗೇ ಹೋಗದಂತೆ ಅದು ಕಣ್ಣು ಹಿಗ್ಗಿಸುತ್ತಿತ್ತು. ಹದಿನೈದು ದಿನದಲ್ಲಿ ಅಂಥ ಸದ್ದು ಅಡ್ಡೆಯ ಆರೇಳು ಕುದುರೆಗಳಿಂದ ಬಂತು. ಎರಡು ಕುದುರೆ ಓಡುತ್ತಿದ್ದಂತೆಯೇ ಉಸಿರು ಕಟ್ಟಿ ರಸ್ತೆಯಲ್ಲಿ ಬಿದ್ದು ಸತ್ತವು.

ಕಾಲು ಕೆಟ್ಟಿತೆಂದರೆ ಯಾರ ತಪ್ಪು? ನಾಲು ಬಡಿದವನದು. ಯುದ್ಧದಿಂದ ಕಬ್ಬಿಣ ಸಿಗದೆ ಅಲ್ಲಾಉದ್ದೀನ ಹಳೆಯ ಮೊಳೆಗಳನ್ನು ತಟ್ಟಿ ನೆಟ್ಟಗೆ ಮಾಡಿ ಬಳಸುತ್ತಿದ್ದ. ತುಕ್ಕು ಹಿಡಿದ ಮೊಳೆ ಹಸಿ ಮಾಂಸಕ್ಕೆ ಹೊಕ್ಕು ನಂಜಾಗಿದೆ, ನೋವಿಗೆ ಕುದುರೆ ಗೊರಗುಡುತ್ತಿದೆ ಎಂದು ದಶರಥ ಅಂದ. ಉಳಿದವರು ಹೌದೆಂದರು. ಕುದುರೆ ಕಳೆದುಕೊಂಡ ಸೈಫುದ್ದೀನನೂ, ಅಲ್ಲಾಉದ್ದೀನನ ಓಣಿಯವನೇ ಆದರೂ, ಹೌದೆಂದ.

ದನದ ಡಾಕ್ಟರು ಹಣಮಂತರಾಯರು ಬಂದರು. ಗೊರಸು ಎತ್ತಿ ಎತ್ತಿ ನೋಡಿದರು. ನಂಜಿನ ಕುರುಹು ಕಾಣಲಿಲ್ಲ. ಆಮೇಲೆ ಹಂಡೆಯ ಹತ್ತಿರ ಬಂದು ನಿಂತರು. ಅಡ್ಡೆಯವರೆಲ್ಲ ಸುತ್ತ ನೆರೆದಿದ್ದರು. ಅಲ್ಲಾಉದ್ದೀನನೂ ಇದ್ದ, ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು.

"ದಾಣಿಯೊಳಗ ಏನೇನು ಹಾಕತೀರಿ? ಒಂದೂ ಬಿಡದಂಗ ಹೇಳ್ರಿ."

"ಹುರಳಿ ರೀ. ಅಜವಾನ, ಅರಿಷಿಣ, ಬಳ್ಳೊಳ್ಳಿ. ಉಪ್ಪು, ಬೆಲ್ಲ."

"ಮತ್ತೇನರ?"

ರಾಚವ್ವನ ಕಣ್ಣು ಒಮ್ಮೆ ಅಲ್ಲಾಉದ್ದೀನನ ಕಡೆ ಹೋಗಿ ಬಂತು. ಬಸಗೊಂಡಪ್ಪನ ಎತ್ತುಗಳು ಗಟ್ಟಿಮುಟ್ಟಾಗಿಯೇ ಇವೆಯಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು.

"ಇಷ್ಟ ರೀ," ಎಂದಳು.

ಕಾರಣ ತಿಳಿಯುವವರೆಗೆ ಯಾರ ಮೇಲೂ ತಪ್ಪು ಹೊರಿಸಬೇಡಿ ಎಂದು ಹೇಳಿ ಡಾಕ್ಟರು ಹೋದರು. ಅವರು ಹೋದ ಮೇಲೆ ದಶರಥ ಬೇವಿನ ಗಿಡದ ಕೆಳಗಿದ್ದ ಹತ್ಯಾರಗಳ ಪೆಟ್ಟಿಗೆ ಎತ್ತಿ ರಸ್ತೆಯ ಆಚೆ ಇಟ್ಟು ಬಂದ. ಬೈಯಲಿಲ್ಲ, ಹೊಡೆಯಲಿಲ್ಲ. ಇನ್ನು ಇಲ್ಲಿ ಕೂಡಬೇಡ ಎಂದಷ್ಟೇ. ಅಲ್ಲಾಉದ್ದೀನ ಹೆಂಡತಿ ಪೀರಾಂಬಿಯ ತವರೂರಾದ ಬಬಲೇಶ್ವರಕ್ಕೆ ಹೋಗುವುದೆಂದಾಯಿತು. ಹೋಗುವ ಮೊದಲು ಛಪ್ಪರಕ್ಕೆ ಬಂದು, ಬೂದಿಯ ನಾಲ್ಕೂ ಗೊರಸುಗಳನ್ನು ಕೊನೆಯ ಸಲ ಹೆರೆದು ಸಮ ಮಾಡಿದ.

"ಊರೆಲ್ಲಾ ನನ್ನ ಕಳ್ಳನ್ನ ಮಾಡೇತಿ. ನೀ ಒಂದು ಮಾತು ಅನಲಿಲ್ಲ ಯಕ್ಕಾ. ನನಗ ಅಷ್ಟ ಸಾಕು."

ರಾಚವ್ವ ಒಳಗೆ ಹೋದಳು. ಬಟ್ಟೆಯಲ್ಲಿ ನಾಲ್ಕು ರೊಟ್ಟಿ ಕಟ್ಟಿ ಕೊಟ್ಟಳು. ಕೊಡಬೇಕಾದದ್ದು ರೊಟ್ಟಿ ಅಲ್ಲವೆಂದು ಗೊತ್ತಿದ್ದೂ ಕೊಟ್ಟಳು.

ಅದಾಗಿ ಎಂಟು ದಿನಕ್ಕೆ ತಿಕೋಟಾ ರಸ್ತೆಯಿಂದ ಹುಲ್ಲು ಹೊತ್ತು ಬರುವಾಗ ಬೂದಿ ಎಡವಿತು. ಇನ್ನೊಂದು ಹೆಜ್ಜೆಗೆ ಹಿಂಗಾಲು ತೊಡಕಿತು. ಏರಿನಲ್ಲಿ ಅದರ ಗಂಟಲಿನಿಂದ ಆ ಸದ್ದು ಬಂದಾಗ ರಾಚವ್ವ ಹಗ್ಗ ಬಿಟ್ಟು ರಸ್ತೆಯಲ್ಲೇ ಕುಕ್ಕರಿಸಿದಳು. ಹುಲ್ಲು ಕೆಳಗಿಳಿಸಿ ಒಂದೊಂದೇ ಕಾಲು ಎತ್ತಿ ನೋಡಿದಳು. ಗೊರಸು ನುಣ್ಣಗಿತ್ತು. ಹುಟ್ಟಿದಾಗಿನಿಂದ ಒಂದು ಮೊಳೆಯ ತೂತೂ ಕಾಣದ ಗೊರಸು. ಇನ್ನು ಮನಸ್ಸಿಗೆ ಹೇಳಿಕೊಳ್ಳಲು ಯಾವ ಎತ್ತೂ ಉಳಿದಿರಲಿಲ್ಲ.

ಛಪ್ಪರಕ್ಕೆ ಬಂದವಳೇ ಹಂಡೆಯಲ್ಲಿದ್ದದ್ದನ್ನೆಲ್ಲ ತಿಪ್ಪೆಗೆ ಸುರಿದು ಮಣ್ಣು ಮುಚ್ಚಿದಳು. ಅಡ್ಡೆಗೆ ಹೋಗಿ, "ನನ್ನ ದಾಣಿಯೊಳಗ ಏನರ ದೋಷ ಇದ್ದೀತು. ಅಲ್ಲಾಉದ್ದೀನನ್ನ ತಿರುಗಿ ಕರಸ್ರಿ," ಎಂದಳು.

ದಶರಥ ಕೈಮುಗಿದ. "ನಿನ್ನ ಕೈಗೆ ದೋಷ ಅಂದ್ರ ನನ್ನ ನಾಲಿಗಿ ಬಿದ್ದು ಹೋದೀತು ಯವ್ವಾ. ನಿನಗ ಅವನ ಮ್ಯಾಲೆ ಮಾಯೆ, ಅದಕ್ಕ ಹಿಂಗಂತಿ."

ಲಾಖ ಎಂಬ ಎರಡಕ್ಷರ ಬಾಯಿಯವರೆಗೆ ಬಂತು. ಎದುರಿಗೆ ಸೈಫುದ್ದೀನ ಕುದುರೆಯಿಲ್ಲದ ಟಾಂಗಾದ ಮೂಕಿಯ ಮೇಲೆ ಕೂತಿದ್ದ. ಅವನ ಮುಖ ನೋಡಿದಳು. ಎರಡಕ್ಷರ ಹಿಂದಕ್ಕೆ ಹೋದವು.

ಮರುದಿನ ಬೆಳಗಿನ ರೈಲು ಹೋದ ಮೇಲೆ ಬೂದಿಯನ್ನೇ ಅಡ್ಡೆಗೆ ನಡೆಸಿಕೊಂಡು ಬಂದಳು. ತಾನು ಆಡಲಾರದ್ದನ್ನು ಅದು ಆಡಲಿ ಎಂದು ಬಂದಳು. ಅದರ ಕಾಲೆತ್ತಿ ತೋರಿಸಿದಳು.

"ನೋಡ್ರಿ. ಇದಕ್ಕ ಯಾರು ಮೊಳಿ ಬಡದಾರು ಹೇಳ್ರಿ. ಇದಕ್ಕೂ ಅದ ಜಡ್ಡು ಬಂದೈತಿ."

ದಶರಥ ಬಗ್ಗಿ ನೋಡಿದ. "ವಯಸ್ಸಾಗೇತಿ ಯವ್ವಾ. ಕಾಲು ಸೋತಾವ. ನಮ್ಮ ಕುದುರಿ ಜಡ್ಡಿನ ಸದ್ದು ಬ್ಯಾರೆ."

ಸದ್ದು ಕೇಳಬೇಕಿತ್ತು ಅವರಿಗೆ. ರಾಚವ್ವ ಹಗ್ಗದ ತುದಿಯನ್ನು ಮಡಚಿ ಹಿಡಿದಳು. ಆ ಪ್ರಾಣಿಯ ಮೇಲೆ ಅವಳ ಕೈ ಎಂದೂ ಎದ್ದಿರಲಿಲ್ಲ. ಹೊಡೆತ ಬಿದ್ದಾಗ ಬೂದಿ ಓಡುವ ಬದಲು ತಿರುಗಿ ಅವಳ ಮುಖ ನೋಡಿತು. ಎರಡನೆಯ ಹೊಡೆತಕ್ಕೆ ಓಡಿತು. ಅಡ್ಡೆಯ ಸುತ್ತ ಒಂದು ಸುತ್ತು, ಅದರ ಹಿಂದೆ ಅವಳು. ಎರಡನೆಯ ಸುತ್ತಿಗೆ ಆ ಸದ್ದು ಎದ್ದಿತು. ಟಾಂಗಾದವರೆಲ್ಲ ಎದ್ದು ನಿಂತರು. ಸಾಕು ಎಂದು ಯಾರೋ ಕೂಗುವುದರೊಳಗೆ ಕುದುರೆಗಳು ನೀರು ಕುಡಿಯುವ ಕಲ್ಲಿನ ದೋಣಿಯ ಹತ್ತಿರ ಬೂದಿಯ ಹಿಂಗಾಲು ಮಡಚಿದವು. ಕತ್ತು ಚಾಚಿ, ನಾಲಿಗೆ ಹೊರಹಾಕಿ ಉಸಿರಿಗಾಗಿ ಎಳೆದಾಡಿತು. ಅವಳು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಟಲು ತಿಕ್ಕಿದಳು. ಉಸಿರು ಒಳಗೆ ಹೋಗಲೇ ಇಲ್ಲ.

ಅದು ಸುಮ್ಮನಾದ ಮೇಲೆ ಅವಳ ಬಾಯಿ ತೆರೆಯಿತು.

"ಹಂಡೆದಾಗ ಲಾಖ ಹಾಕೇನಿ. ನಾಕು ತಿಂಗಳಾತು. ಡಾಕ್ಟರು ಕೇಳಿದಾಗ ಬೇಕಂತನ ಹೇಳಲಿಲ್ಲ."

ಯಾರೂ ಅವಳನ್ನು ಮುಟ್ಟಲಿಲ್ಲ. ದಶರಥ ಛಪ್ಪರದೊಳಗೆ ಹೋಗಿ ಖಾಲಿ ಹಂಡೆಯನ್ನು ಬೋರಲು ಹಾಕಿ ಬಂದ. ವಿಷಯ ತಿಳಿದ ಹಣಮಂತರಾಯರು, ಲಾಖದ ನಂಜನ್ನು ಎತ್ತು ತಡೆದೀತು, ಕುದುರೆ ತಡೆಯದು ಎಂದು ವಿವರಿಸಿ, ಉಳಿದ ಕುದುರೆಗಳಿಗೆ ಹುಲ್ಲು, ತೌಡು, ಪೂರ್ತಿ ವಿಶ್ರಾಂತಿ ಎಂದು ಹೇಳಿದರು. ಕೆಲವು ಚೇತರಿಸಿಕೊಂಡವು. ಹೀರಾ ಬದುಕಿತು, ಆದರೆ ಗಂಟಲು ಸರಿಹೋಗಲಿಲ್ಲ. ಇಬ್ಬರು ಸವಾರಿ ಕೂತರೆ ಸಾಕು, ಅದರ ಗೊರಗೊರ ಛಪ್ಪರದೊಳಗೆ ಕೇಳುತ್ತಿತ್ತು. ರಾಚವ್ವ ಕಿವಿ ಮುಚ್ಚಿಕೊಂಡು ಕೂಡುತ್ತಿದ್ದಳು. ಟಾಂಗಾದವರು ಬಬಲೇಶ್ವರಕ್ಕೆ ಹೋಗಿ ಅಲ್ಲಾಉದ್ದೀನನನ್ನು ಕರೆದರು, ಅವನು ಬರಲಿಲ್ಲ.

ಕೊನೆಗೆ ಅವಳೇ ಹೋದಳು. ಬಬಲೇಶ್ವರದ ಅಗಸಿಬಾಗಿಲಿನ ಹೊರಗೆ ಅವನು ಒಂದು ಎತ್ತನ್ನು ಕೆಡವಿ, ಕಾಲು ಕಟ್ಟಿ ನಾಲು ಬಡಿಯುತ್ತಿದ್ದ. ಮೈ ಇಳಿದುಹೋಗಿತ್ತು. ಕೆಲಸ ಮುಗಿಸಿ, ಕೈ ಒರೆಸಿಕೊಂಡು, ನೀರು ತಂದು ಕೊಟ್ಟ. ಅವಳು ನೀರು ಕುಡಿಯದೆ ಎಲ್ಲವನ್ನೂ ಹೇಳಿದಳು. ಕೈಗುಣ ಎಂದದ್ದು, ಡಾಕ್ಟರಿಗೆ ಇಷ್ಟೇ ಎಂದದ್ದು, ಬೂದಿಯನ್ನು ಹೊಡೆದು ಓಡಿಸಿದ್ದು.

ಅಲ್ಲಾಉದ್ದೀನನಿಗೆ ತನ್ನ ಮೇಲಿನ ಅಪವಾದದ ಮಾತು ಕಿವಿಗೇ ಬಿದ್ದ ಹಾಗಿರಲಿಲ್ಲ. ಬೂದಿ ಸತ್ತಿತು ಎಂದಾಗ ಮಾತ್ರ ಅವನ ಕಣ್ಣು ತುಂಬಿದವು.

"ಅದನ್ನ ಯಾಕ ಓಡಿಸಿದಿ ಯಕ್ಕಾ?" ಎಂದ. "ನಿನ್ನ ಮಾತು ಇಡೀ ಅಡ್ಡೆ ನಂಬತಿತ್ತು. ಲಾಖ ಅಂತ ನೀ ಬಾಯಿಲೆ ಒಂದು ಮಾತು ಅಂದಿದ್ರ ಸಾಕಾಗತಿದ್ದಿಲ್ಲೇನು?"

ರಾಚವ್ವ ನೀರಿನ ತಂಬಿಗೆಯನ್ನು ಕೆಳಗಿಟ್ಟಳು.

"ಸಾಕಾಗತಿತ್ತಪಾ," ಎಂದಳು.