ಕರೆಂಟು ಹೋದಾಗ ಕೇಳಿದ ಬಳೆ

ಚನ್ನಗಿರಿಯಲ್ಲಿ ಮನೆ ಸಿಕ್ಕಿತು ಎಂದಾಗ ನಾನು ಕುಣಿದಾಡಿಬಿಟ್ಟೆ. ಬಣ್ಣ ಹಚ್ಚಿ ಹೇಳುತ್ತಿಲ್ಲ, ಶಾಲೆಯ ಸ್ಟಾಫ್ ರೂಮಿನಲ್ಲಿ ನಿಜವಾಗಿಯೂ ಒಂದು ಸುತ್ತು ತಿರುಗಿ ಮೇಜಿಗೆ ಮೊಣಕಾಲು ಬಡಿಸಿಕೊಂಡೆ. ಹುಟ್ಟಿದಾಗಿನಿಂದ ನನಗೆ ಕಣ್ಣು ಕಾಣುವುದಿಲ್ಲ. ಜಗಳೂರು ಕಡೆಯ ನಮ್ಮ ಹಳ್ಳಿಯಲ್ಲಿ ಅಣ್ಣನ ಕೈ ಹಿಡಿದು ಬೆಳೆದವಳು, ಹಾಸ್ಟೆಲಿನಲ್ಲಿ ಓದಿದವಳು, ನ್ಯಾಮತಿಯಲ್ಲಿ ಮೊದಲ ಕೆಲಸ ಸಿಕ್ಕಾಗ ಸೋದರತ್ತೆಯ ಮನೆಯಲ್ಲಿ ಇದ್ದವಳು. ಈಗ ಬಸವಾಪಟ್ಟಣದ ದಾರಿಯ ಹೈಸ್ಕೂಲಿಗೆ ವರ್ಗವಾಗಿ, ಮೂವತ್ತು ದಾಟಿದ ಮೇಲೆ, ಮೊಟ್ಟಮೊದಲ ಸಲ ನನ್ನದೇ ಅಡುಗೆಮನೆ, ನನ್ನದೇ ಬೀಗದ ಕೈ!

ಅಣ್ಣ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಏನಾದರೂ ಹೆಚ್ಚುಕಮ್ಮಿ ಆಯಿತೆಂದು ಅವನ ಕಿವಿಗೆ ಬಿದ್ದರೆ, ಊರ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡು ಅವನ ಮನೆಯಲ್ಲೇ ಇರಬೇಕು. ಅದು ಸಿಟ್ಟಿನ ಮಾತಲ್ಲ, ಹೆದರಿಕೆಯ ಮಾತು. ನಾನೂ ಹೂಂ ಅಂದೆ. ಹೂಂ ಅನ್ನದೆ ಬೀಗದ ಕೈ ಕೈಗೆ ಬರುವಂತಿರಲಿಲ್ಲ.

ಮಹಡಿಯ ಮೇಲೆ ಮನೆ ಓನರ್ ಮತ್ತು ಅವರ ಹೆಂಡತಿ. ಕೆಳಗೆ ಒಂದೇ ಗೋಡೆಗೆ ಅಂಟಿಕೊಂಡು ಎರಡು ಮನೆ. ಒಂದು ನನ್ನದು, ಇನ್ನೊಂದರಲ್ಲಿ ಒಬ್ಬ ಅಕ್ಕ. ಅವರ ಗಂಡ ಲಾರಿ ಡ್ರೈವರ್, ಮನೆಯಲ್ಲಿರುವುದೇ ಅಪರೂಪ. ಹಿಂದೆ ಇಬ್ಬರಿಗೂ ಸೇರಿದ ಹಿತ್ತಲು, ಒಂದು ಬಟ್ಟೆ ಒಗೆಯುವ ಕಲ್ಲು. ಹೋದ ದಿನವೇ ಅಕ್ಕ ಗಾಜಿನ ಬಳೆ ಸದ್ದು ಮಾಡುತ್ತ ಬಂದು ಚಿತ್ರಾನ್ನ ಕೊಟ್ಟರು. ಎಂಥ ಒಳ್ಳೆಯ ಜನ ಎಂದು ಅಣ್ಣನಿಗೆ ಫೋನ್ ಮಾಡಿ ಹೊಗಳಿದ್ದೇ ಹೊಗಳಿದ್ದು.

ಆಮೇಲೆ ಶುರುವಾಯಿತು ನೋಡಿ, ಟೀವಿ. ಟೀವಿಯೊಂದೇ ಆಗಿದ್ದರೆ ತಡೆಯಬಹುದಿತ್ತು, ಅದಕ್ಕೆ ಎರಡು ದೊಡ್ಡ ಸ್ಪೀಕರ್ ಬಾಕ್ಸು ಬೇರೆ. ಧಾರಾವಾಹಿಯ ಅತ್ತೆ ಬೈದರೆ ನನ್ನ ಗೋಡೆ ನಡುಗುತ್ತಿತ್ತು. ಕಣ್ಣಿದ್ದವರಿಗೆ ಇದು ಬರೀ ತಲೆನೋವು. ನನಗೆ ಹಾಗಲ್ಲ. ಹಾಲು ಉಕ್ಕುವ ಮುಂಚೆ ಸಣ್ಣಗೆ ಸಿರ್ ಅನ್ನುತ್ತದೆ, ಗ್ಯಾಸು ಹತ್ತದಿದ್ದರೆ ಬುಸ್ ಅನ್ನುತ್ತದೆ, ಕೊಡ ತುಂಬುತ್ತ ಬಂದಾಗ ನೀರಿನ ಸದ್ದು ಬದಲಾಗುತ್ತದೆ. ಅದರ ಮೇಲೆ ನನ್ನ ಸಂಸಾರ ನಡೆಯುವುದು. ಆ ಬಾಕ್ಸು ಶುರುವಾದರೆ ನನ್ನ ಮನೆಯ ದೀಪ ಆರಿಸಿದ ಹಾಗೆ. ಪಾಠ ಓದಿ ಹೇಳುವ ಫೋನಿನ ದನಿಯೂ ಕೇಳದು.

ಹೋಗಿ ಕೇಳಿಕೊಂಡೆ. ನೀವು ಒಬ್ಬರೇ ಇರುತ್ತೀರಿ, ಪಾಪ, ಬೇಜಾರಾಗಬಾರದು ಅಂತ ನಿಮ್ಮ ಗೋಡೆಗೇ ಬಾಕ್ಸು ತಿರುಗಿಸಿದ್ದೇನೆ ಎಂದರು ಅಕ್ಕ. ಇನ್ನೇನು ಹೇಳಲಿ? ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಂದೆರಡು ದಿನ ಕಡಿಮೆಯಾಗಿ ಮತ್ತೆ ಅದೇ ಅಬ್ಬರ. ಓನರಿಗೆ ದೂರು ಕೊಟ್ಟರೆ ಸುದ್ದಿ ನೇರ ಅಣ್ಣನಿಗೆ ಹೋಗುತ್ತಿತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡೆ.

ಅದಕ್ಕಿಂತ ಘೋರವಾದದ್ದು ಇನ್ನೊಂದು. ನನ್ನ ಮನೆಯ ವಸ್ತುಗಳು ಇಟ್ಟಲ್ಲಿ ಇರುತ್ತಿರಲಿಲ್ಲ. ಎಡಗಡೆ ಇಟ್ಟ ಉಪ್ಪಿನ ಡಬ್ಬಿ ಬಲಗಡೆ ಸಿಗುತ್ತಿತ್ತು. ಚಾಕು ಮಾಯವಾಗಿ ಮೇಲಿನ ಶೆಲ್ಫಿನಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಬೇಳೆ ಬೇಯಲು ಇಟ್ಟು ಬಂದರೆ ಒಲೆ ಆರಿ ತಣ್ಣಗೆ ಕೂತಿರುತ್ತಿತ್ತು. ಕಣ್ಣಿಲ್ಲದವಳಿಗೆ ಇಟ್ಟ ಜಾಗವೇ ಕಣ್ಣು. ನನಗೆ ಮರೆವಿನ ರೋಗ ಬಂತೇ? ತಲೆ ಕೆಟ್ಟಿತೇ? ತರಗತಿಯಲ್ಲಿ ಮಕ್ಕಳಿಗೆ ಮೂಲಭೂತ ಹಕ್ಕುಗಳ ಪಾಠ ಮಾಡುತ್ತಿದ್ದವಳು ಮನೆಗೆ ಬಂದು ಉಪ್ಪಿನ ಡಬ್ಬಿ ಹುಡುಕುತ್ತ ಅಳುತ್ತಿದ್ದೆ. ಅಣ್ಣ ಹೇಳಿದ್ದೇ ಸರಿಯೇನೋ, ಒಬ್ಬಳೇ ಇರಲು ನನ್ನಿಂದ ಆಗದೇನೋ ಎಂದು ಅನ್ನಿಸಲು ಶುರುವಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಒಲೆಯ ಮೇಲೆ ಬೇಳೆ ಇಟ್ಟು ಹೊರಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಗೋಡೆಯಾಚೆ ಟೀವಿ ಬೊಬ್ಬೆ ಹೊಡೆಯುತ್ತಿತ್ತು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಟೀವಿ ನಿಂತಿತು, ಫ್ಯಾನು ನಿಂತಿತು. ಆ ಮೌನದೊಳಗೆ, ನನ್ನ ಅಡುಗೆಮನೆಯಲ್ಲಿ, ಗಾಜಿನ ಬಳೆ ಗಲ್ ಅಂದಿತು.

ನನ್ನ ಮೈಯಲ್ಲಿ ಹುಟ್ಟಿದ್ದು ಭಯವಲ್ಲ, ಸಿಟ್ಟೂ ಅಲ್ಲ. ಖುಷಿ! ಅಯ್ಯೋ ದೇವರೇ, ನನಗೆ ಮರೆವಿಲ್ಲ, ನನ್ನ ತಲೆ ನೆಟ್ಟಗಿದೆ ಎನ್ನುವ ಖುಷಿ. ಮಡಿಸಿದ ಬಟ್ಟೆಯನ್ನೆಲ್ಲ ಕೆಡವಿ ಅಡುಗೆಮನೆ ಬಾಗಿಲಿಗೆ ಹೋಗಿ ನಿಂತೆ. ಒಳಗಿದ್ದವರು ಉಸಿರು ಬಿಗಿಹಿಡಿದಿದ್ದರು.

"ಅಕ್ಕ, ಉಪ್ಪು ಬೇಕಿತ್ತಾ, ಚಾಕು ಬೇಕಿತ್ತಾ?" ಎಂದೆ.

ಪಾತ್ರೆಯ ಮುಚ್ಚಳ ಕೆಳಗೆ ಬಿತ್ತು. ಹಗಲು ಹೊತ್ತಿನಲ್ಲಿ ಹಿತ್ತಲ ಬಾಗಿಲಿಗೆ ಚಿಲಕ ಹಾಕುವ ರೂಢಿ ನಮ್ಮ ಕಡೆ ಇಲ್ಲ, ಅಲ್ಲಿಂದಲೇ ಬರುತ್ತಿದ್ದರಂತೆ. ಅಕ್ಕ ಅಳುತ್ತಲೇ ಎಲ್ಲ ಹೇಳಿದರು.

"ಮನೆ ನೋಡಾಕೆ ಬಂದಾಗ ನಿಮ್ಮಣ್ಣ ಕೈ ಮುಗುದು ಹೇಳಿದ್ರು ರೀ ಮೇಡಂ. ದಿನಾ ಒಂದ್ಸಲ ಒಳಗ್ ಹೋಗಿ ಗ್ಯಾಸು, ಚಾಕು ನೋಡ್ರಿ ಅಂದ್ರು. ನಿಮಗೆ ಗೊತ್ತಾದ್ರೆ ನೋವಾಗತೈತೆ ಅಂತ ಟೀವಿ ಜೋರ್ ಇಟ್ಟು ಬರ್ತಿದ್ದೆ."

ಸಿಟ್ಟು ಬಂದದ್ದು ಆಗ. ಅಕ್ಕನ ಮೇಲಲ್ಲ, ಅಣ್ಣನ ಮೇಲೆ. ತಕ್ಷಣ ಫೋನ್ ಮಾಡಿ, ಏನಾಗಿದೆ ಎಂದೂ ಹೇಳದೆ, ನಾಳೆ ಬೆಳಗಿನ ಬಸ್ಸಿಗೇ ಬಾ ಎಂದೆ.

ಬಂದ. ಬಂದವನೇ ನನ್ನ ಬಟ್ಟೆ ಬ್ಯಾಗಿಗೆ ಹಾಕಲು ಶುರುಮಾಡಿದ! ಏನೋ ಅನಾಹುತ ಆಗಿದೆ ಎಂದೇ ತಿಳಿದಿದ್ದ. ಗಲಾಟೆ ಕೇಳಿ ಓನರೂ ಮಹಡಿ ಇಳಿದು ಬಂದರು, ಅಕ್ಕನೂ ಬಂದು ಬಾಗಿಲಲ್ಲಿ ನಿಂತರು. ನಾಳೆ ಬೆಂಕಿಗಿಂಕಿ ಹತ್ತಿದರೆ ಕೆಟ್ಟ ಹೆಸರು ನನಗೆ, ಅಣ್ಣನ ಮನೆಯಲ್ಲಿದ್ದರೆ ಕ್ಷೇಮವಲ್ಲವೇನಮ್ಮ ಎಂದರು ಓನರ್. ಅಣ್ಣ ಅದಕ್ಕೆ ತಲೆಯಾಡಿಸಿರಬೇಕು, ಯಾಕೆಂದರೆ ಓನರ್ ಎರಡನೇ ಸಲ ಅದನ್ನೇ ಇನ್ನಷ್ಟು ಧೈರ್ಯವಾಗಿ ಹೇಳಿದರು.

ನಾನು ಫೋನ್ ತೆಗೆದು ಅಂಗವಿಕಲರ ಹಕ್ಕಿನ ಕಾಯ್ದೆ ಓದಿಸಿದೆ. ನನ್ನ ಫೋನು ಓದುವ ವೇಗಕ್ಕೆ ನಾನೊಬ್ಬಳೇ ಹೊಂದಿಕೊಂಡಿರುವುದು. ಅವರಿಗೆ ಕೇಳಿಸಿದ್ದು ಕುಕ್ಕರಿನ ಹಬೆ ಬಿಟ್ಟಂಥ ಸದ್ದು. ಅಕ್ಕನಿಗೆ ನಗು ತಡೆಯಲಾಗಲಿಲ್ಲ, ನನಗೂ ನಗು ಬಂತು. ಫೋನ್ ಕೆಳಗಿಟ್ಟು ಬಾಯಲ್ಲೇ ಹೇಳಿದೆ. ಕಣ್ಣು ಕಾಣುವುದಿಲ್ಲ ಎನ್ನುವ ಒಂದೇ ಕಾರಣಕ್ಕೆ ಮನೆ ಬಿಡಿಸುವುದು ತಪ್ಪು. ಇಂಥ ಕಡೆಯೇ, ಇಂಥವರ ಜೊತೆಗೇ ಇರು ಎಂದು ನನ್ನನ್ನು ಯಾರೂ ಒತ್ತಾಯಿಸುವಂತಿಲ್ಲ, ನನಗೆ ಹೇಳದೆ ನನ್ನ ಅಡುಗೆಮನೆಗೆ ಕದ್ದು ಜನ ಕಳಿಸುವಂತೆಯೂ ಇಲ್ಲ, ಒಡಹುಟ್ಟಿದವನೂ ಸೇರಿ. ಮನೆಯನ್ನು ಬಾಡಿಗೆಗೆ ಹಿಡಿದವಳು ನಾನು, ನಮ್ಮಣ್ಣ ಅಲ್ಲ. ಬೆಂಕಿಯ ಭಯವಿದ್ದರೆ ಮೊದಲು ಆ ಬಾಕ್ಸು ನಿಲ್ಲಿಸಿ, ಅದು ಕೂಗದಿದ್ದರೆ ಗ್ಯಾಸು ಬುಸ್ಸೆನ್ನುವುದು ನಿಮಗಿಂತ ಮೊದಲು ನನಗೆ ಕೇಳುತ್ತದೆ. ಇಷ್ಟು ಹೇಳುವಷ್ಟರಲ್ಲಿ ನನ್ನ ದನಿ ಎಲ್ಲೋ ಮೇಲಕ್ಕೆ ಹೋಗಿತ್ತು. ಇಷ್ಟು ವರ್ಷದಲ್ಲಿ ಅಣ್ಣನ ಎದುರು ನಾನು ದನಿ ಏರಿಸಿದ್ದು ಅದೇ ಮೊದಲು. ಎಷ್ಟು ಹಗುರವಾಯಿತೆಂದರೆ, ಇನ್ನೂ ಸ್ವಲ್ಪ ಹೊತ್ತು ಬೈಯಬೇಕೆನ್ನಿಸಿತು.

ಓನರ್ ಗಂಟಲು ಸರಿಮಾಡಿಕೊಂಡು, ನಾನೆಲ್ಲಿ ಬಿಡು ಅಂದೆ, ಒಳ್ಳೇದಕ್ಕೆ ಒಂದು ಮಾತು ಹೇಳಿದೆ ಎಂದು ಮೆಟ್ಟಿಲು ಹತ್ತಿದರು. ಅಕ್ಕ ಮಾತ್ರ ನಿಂತೇ ಇದ್ದರು.

"ಹಂಗಾರೆ ನಾನು ಬರಾಕೇ ಬಾರದಾ ಮೇಡಂ?"

"ಬರ್ರಿ ಅಕ್ಕ, ದಿನಾ ಬರ್ರಿ. ಬಾಗಿಲು ತಟ್ಟಿ ಬರ್ರಿ."

ಅಕ್ಕ ಹೋದ ಮೇಲೆ ಗೋಡೆಯಾಚೆ ಬಾಕ್ಸು ಎಳೆಯುವ ಸದ್ದು ಕೇಳಿತು. ಅಣ್ಣ ಬ್ಯಾಗಿನಿಂದ ನನ್ನ ಬಟ್ಟೆ ತೆಗೆದು, ಎಲ್ಲಿದ್ದವು ಎಂದು ನನ್ನನ್ನು ಕೇಳಿ, ಅಲ್ಲಲ್ಲೇ ಇಟ್ಟ. ಬರ್ತೀನಿ ಎಂದು ಹೊರಗೆ ಹೋದ. ನಾನು ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಮನೆಯೆಲ್ಲ ನಿಶ್ಶಬ್ದ. ಎಷ್ಟು ದಿನದ ಮೇಲೆ ನನಗೆ ನನ್ನ ಮನೆ ಪೂರ್ತಿ ಕಂಡಿತು! ನಲ್ಲಿಯ ತೊಟ್ಟಿಕ್ಕುವಿಕೆ, ಕಿಟಕಿಯ ಪರದೆ, ಒಲೆಯ ಉರಿ. ಜೊತೆಗೆ ಇನ್ನೊಂದು. ಮುಂಬಾಗಿಲ ಹೊರಗೆ ಯಾರೋ ಉಸಿರಾಡುತ್ತಿದ್ದರು. ಅಣ್ಣನ ಚಪ್ಪಲಿ ಗೇಟಿನ ತನಕ ಹೋದ ಸದ್ದು ನನಗೆ ಕೇಳಿಯೇ ಇರಲಿಲ್ಲ.

ತಿರುಗದೆಯೇ ಹೇಳಿದೆ. "ಅಣ್ಣಾ, ಅನ್ನಕ್ಕಿಟ್ಟೀನಿ. ಉಣ್ಣಾಕಾದ್ರೆ ಒಳಗ್ ಬಾ. ಕಾಯಾಕಾದ್ರೆ ಬಸ್ಸಿಗೆ ಹೊತ್ತಾತು, ಹೊಂಡು."

ಅವನು ಅಳುತ್ತಿದ್ದಾನೆ ಎಂದು ಮೂಗಿನ ಸದ್ದಿನಿಂದ ಗೊತ್ತಾಯಿತು. ಚಪ್ಪಲಿ ಬಿಟ್ಟ. ಆಮೇಲೆ ನಮ್ಮಣ್ಣ, ಬಾಗಿಲು ತೆರೆದೇ ಇದ್ದರೂ, ಅದನ್ನು ತಟ್ಟಿದ.